ಫಾರೋ ದ್ವೀಪಗಳಲ್ಲಿ ಕಾರು, ಬೆಟ್ಟ, ಗಾಳಿ: ನಾವು ಪ್ಲಾನ್ ಮಾಡಿದ್ದು ಹೀಗೆ

ತೋಟಕ್ಕೆ ಬೋರ್ಡೋ ಔಷಧಿ ಹೊಡೆದು ಮುಗಿಸಿ ಮಳೆ ಹಿಡ್ಕೊಂಡ ಮೇಲೆ ತೋಟದಲ್ಲಿ ಸ್ವಲ್ಪ ಬಿಡುವು ಸಿಗತ್ತೆ, ನಮ್ಮ ಚಿಕ್ಕಮಗಳೂರು ಕಡೆಯವರು ಊರು ಬಿಡೋದಾದ್ರೆ ಅದೇ ಟೈಮು. ಫಾರೋಗೆ ಹೋಗ್ತೀವಿ, ಅಲ್ಲೂ ಮಳೆ ಮಂಜು ಎಲ್ಲಾ ಇರತ್ತೆ ಅಂದಾಗ ಅತ್ತೆ "ಇಲ್ಲಿ ನೆನೆದಿದ್ದು ಸಾಲ್ದು ಅಂತ ದುಡ್ಡು ಕೊಟ್ಟು ನೆನೆಯಕ್ಕೆ ಹೋಗ್ತೀರೇನ್ರೋ" ಅಂದ್ರು. ಬಂದ ಮೇಲೆ ಸುಮಾರು ಜನ ಹೆಂಗೆ ಪ್ಲಾನ್ ಮಾಡಿದ್ರಿ ಅಂತ ಕೇಳ್ತಾನೇ ಇದಾರೆ, ಅದಕ್ಕೆ ಒಂದೇ ಸಲ ಬರೆದು ಹಾಕ್ತಿದೀನಿ.

ಫಾರೋ ಅಂದ್ರೆ ಐಸ್‌ಲ್ಯಾಂಡಿಗೂ ನಾರ್ವೆಗೂ ಮಧ್ಯೆ ಅಟ್ಲಾಂಟಿಕ್‌ನಲ್ಲಿರೋ 18 ದ್ವೀಪ, ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದ್ದು ಆದ್ರೆ ಆಡಳಿತ ಅವರದ್ದೇ. ಯೂರೋಪಿನ ಸುಮಾರು ದೇಶಕ್ಕೆ ಒಟ್ಟಿಗೆ ನಡೆಯೋ ಮಾಮೂಲಿ ಷೆಂಗೆನ್ ವೀಸಾ ಇದ್ರೆ ಆಯ್ತು ಅನ್ಕೋಬೇಡಿ. ಡೆನ್ಮಾರ್ಕಿಗೆ ಅರ್ಜಿ ಹಾಕುವಾಗಲೇ ಫಾರೋಗೆ ಹೋಗ್ತೀವಿ ಅಂತ ತೋರಿಸ್ಬೇಕು, ವೀಸಾ ಸ್ಟಿಕರ್ ಮೇಲೆ ಫಾರೋಗೂ ನಡೆಯತ್ತೆ ಅನ್ನೋ ಸಾಲು ಇದೆಯಾ ಅಂತ ಪಾಸ್‌ಪೋರ್ಟ್ ಕೈಗೆ ಬಂದ ತಕ್ಷಣ ನೋಡ್ಕೊಳ್ಳಿ. ವೀಸಾ ಬಂದ ಮೇಲೆ ನಮ್ಮ ಆರ್‌ಟಿಓ ಆಫೀಸಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಂಡ್ವಿ, ಫಾರ್ಮ್ 4ಎ, ಒಂದು ವರ್ಷ ನಡೆಯತ್ತೆ. ಕಾರು ಆಟೋಮ್ಯಾಟಿಕ್ಕೇ ತಗೊಳ್ಳಿ. ಅಲ್ಲಿ ಗಾಡಿ ಓಡಿಸೋದು ಬಲಗಡೆ, ಅದರ ಜೊತೆ ಬಲಗೈಯಲ್ಲಿ ಗೇರು ಹುಡುಕೋ ಕಷ್ಟ ಯಾಕೆ ಬೇಕು.

ಇನ್ನು ಪ್ಲಾನ್ ವಿಷಯ. ಎಲ್ಲರೂ ಮೊದಲ ದಿನ ಈ ಬೆಟ್ಟ ಎರಡನೇ ದಿನ ಆ ಬೆಟ್ಟ ಅಂತ ಬರೆದ ಲಿಸ್ಟ್ ಕಳಿಸು ಅಂತಾರೆ, ನನ್ನ ಪ್ರಕಾರ ಫಾರೋಗೆ ಆ ಥರ ಲಿಸ್ಟು ಮಾಡೋದೇ ತಪ್ಪು. ಅಲ್ಲಿ ಒಂದು ದ್ವೀಪದಲ್ಲಿ ಮಳೆ ಚಚ್ತಿದ್ರೆ ಪಕ್ಕದ ದ್ವೀಪದಲ್ಲಿ ಬಿಸಿಲು ಇರತ್ತೆ. ನಾವು ದಿನಕ್ಕೆ ಬೆಟ್ಟ ಹಂಚಲೇ ಇಲ್ಲ, ದ್ವೀಪಕ್ಕೆ ಹಂಚಿದ್ವಿ. ವಾಗರ್‌ನಲ್ಲಿ ಇವು, ಎಸ್ಟುರೊಯ್‌ನಲ್ಲಿ ಇವು, ಉತ್ತರದ ದ್ವೀಪಗಳಲ್ಲಿ ಇವು ಅಂತ ಬರ್ಕೊಂಡು, ಉಳ್ಕೊಳ್ಳಕ್ಕೆ ರಾಜಧಾನಿ ತೋರ್ಸ್‌ಹಾವ್ನ್ ಹತ್ರ ಒಂದು ಮನೆ, ಕ್ಲಾಕ್ಸ್‌ವಿಕ್‌ನಲ್ಲಿ ಒಂದು ಮನೆ ಹಿಡಿದ್ವಿ, ಅಷ್ಟೇ. ಬೆಳಿಗ್ಗೆ ಎದ್ದು ಕಾಫಿ ಕುಡೀತಾ ಅಲ್ಲಿನ ರಸ್ತೆ ಇಲಾಖೆ ಲ್ಯಾಂಡ್ಸ್‌ವೆರ್ಕ್ ವೆಬ್‌ಸೈಟಲ್ಲಿ ಕ್ಯಾಮೆರಾ ನೋಡೋದು, ರಸ್ತೆ ರಸ್ತೆಗೂ ಕ್ಯಾಮೆರಾ ಇಟ್ಟಿದಾರೆ, ಯಾವ ಕಡೆ ಗುಡ್ಡದ ತುದಿ ಕಾಣ್ಸತ್ತೋ ಆ ಕಡೆ ಕಾರು ತಿರುಗಿಸೋದು. ಇದು ನಡೆಯಕ್ಕೆ ಕಾರಣ ಸಮುದ್ರದ ಕೆಳಗಿನ ಸುರಂಗಗಳು. 2020ರಲ್ಲಿ ಶುರುವಾದ ಎಸ್ಟುರೊಯ್ ಸುರಂಗ 11 ಕಿಲೋಮೀಟರ್ ಇದೆ, ಸಮುದ್ರದ ಅಡಿಯಲ್ಲೇ ಒಂದು ರೌಂಡಬೌಟ್ ಮಾಡಿದಾರೆ ಮಾರಾಯ್ರೆ! ಟೋಲ್ ಗೇಟ್ ಇಲ್ಲ, ನಂಬರ್ ಪ್ಲೇಟ್ ನೋಡಿ ಬಿಲ್ ಬರತ್ತೆ, ಕಾರು ಕೊಡೋರ ಹತ್ರ ಅದನ್ನ ಹೆಂಗೆ ಹಿಡ್ಕೋತೀರಿ ಅಂತ ಮೊದಲೇ ಕೇಳ್ಕೊಳ್ಳಿ.

ಜೂನ್ ಕೊನೇಲಿ ರಾತ್ರಿ ಹನ್ನೊಂದಾದ್ರೂ ಬೆಳಕಿರತ್ತೆ. ಇದನ್ನ ಯಾರೂ ಸರಿಯಾಗಿ ಬಳಸ್ಕೊಳಲ್ಲ. ಅಲ್ಲಿನ ಅತಿ ಎತ್ತರದ ಬೆಟ್ಟ ಸ್ಲೆಟ್ಟಾರಟಿಂಡುರ್ 880 ಮೀಟರ್, ನಮ್ಮ ಮುಳ್ಳಯ್ಯನಗಿರಿ 1930ರ ಮುಂದೆ ಚಿಕ್ಕದೇ, ಆದ್ರೆ ನೇರ ಸಮುದ್ರದಿಂದ ಎದ್ದಿರೋದ್ರಿಂದ ನೋಡಿದ್ರೆ ಎದೆ ಝಲ್ ಅನ್ನತ್ತೆ. ಇಡೀ ದಿನ ಮಂಜು ಹೊದ್ಕೊಂಡಿತ್ತು, ಮನೇಲೇ ಅನ್ನ ಸಾರು ಮಾಡ್ಕೊಂಡು ತಿಂದು ಮಲಗಿದ್ವಿ, ಸಂಜೆ ಕ್ಯಾಮೆರಾದಲ್ಲಿ ಆಕಾಶ ಬಿಚ್ಕೊಂಡಿದ್ದು ನೋಡಿ ಹೊರಟ್ವಿ. ಕಾರು ಮೇಲಿನ ಕಣಿವೆ ದಾರೀವರೆಗೂ ಹೋಗತ್ತೆ, ಅಲ್ಲಿಂದ ಹುಲ್ಲಲ್ಲಿ ಕಡಿದಾದ ಏರು, ಮರ ಅನ್ನೋದೇ ಇಲ್ಲ. ಇಂಬಳನೂ (ಜಿಗಣೆ) ಇಲ್ಲ, ಅದು ಮಲ್ನಾಡಿನವರಿಗೆ ಸ್ವರ್ಗ.

ಗಾಳಿ ಬಗ್ಗೆ ಮಾತ್ರ ತಮಾಷೆ ಬೇಡ. ಕಾರಿನ ಬಾಗಿಲು ಗಾಳಿಗೆ ಹಿಂದಕ್ಕೆ ಮುರ್ಕೊಳ್ಳೋದು ಅಲ್ಲಿ ಮಾಮೂಲಿ, ಸುಮಾರು ಇನ್ಶೂರೆನ್ಸಲ್ಲಿ ಅದು ಕವರ್ ಆಗಲ್ಲ. ನಮ್ಮನೆಯವ್ರು ಕಾರಿನ ಮೂತಿ ಗಾಳಿಗೆ ಎದುರಾಗಿ ನಿಲ್ಲಿಸೋರು, ಆಮೇಲೆ ಒಬ್ಬೊಬ್ಬರೇ, ಎರಡು ಕೈಯಲ್ಲಿ ಬಾಗಿಲು ಹಿಡ್ಕೊಂಡು ಇಳಿಯೋದು. ಛತ್ರಿ, ಪ್ಲಾಸ್ಟಿಕ್ ಹೊದಿಕೆ ಎಲ್ಲಾ ದಂಡ, ಒಳ್ಳೇ ರೈನ್ ಜಾಕೆಟ್ಟು ಪ್ಯಾಂಟಿಗೆ ದುಡ್ಡು ಹಾಕಿ.

ಚಾರ್ಮಾಡಿ ಮಂಜಲ್ಲಿ ಓಡಿಸಿದವರಿಗೆ ರಸ್ತೆ ಕಷ್ಟ ಅನ್ಸಲ್ಲ, ಊರಾಚೆ 80ರ ಮಿತಿ, ಹೆಡ್‌ಲೈಟ್ ಹಗಲಲ್ಲೂ ಆನ್ ಇರ್ಬೇಕು. ಅಲ್ಲಿ ಜನಕ್ಕಿಂತ ಕುರಿ ಜಾಸ್ತಿ, ಕುರಿಗೆ ಗುದ್ದಿದ್ರೆ ಪೊಲೀಸಿಗೆ ಹೇಳಲೇಬೇಕು. ತಲೆ ಕೆಡೋದು ಹಳೇ ಸಿಂಗಲ್ ಲೇನ್ ಸುರಂಗದಲ್ಲಿ. ಲೈಟೇ ಇಲ್ಲ, ಎದುರಿಂದ ಎರಡು ಚುಕ್ಕಿ ಬೆಳಕು ಕಾಣ್ಸತ್ತೆ, ದೂರ ಇದೆ ಅನ್ಸತ್ತೆ, ನೋಡ್ತಾ ನೋಡ್ತಾ ಹತ್ರ ಬಂದ್ಬಿಟ್ಟಿರತ್ತೆ. ಪಕ್ಕಕ್ಕೆ ಸರಿಯೋ ಜಾಗ ನಿಮ್ಮ ಬಲಗಡೆ ಇದ್ರೆ ನೀವೇ ಸರಿದು ಕಾಯ್ಬೇಕು. ಅನುಮಾನ ಬಂದ್ರೆ ಮುಂದಿನ ಜಾಗದವರೆಗೂ ಹೋಗೋ ಆಸೆ ಬೇಡ, ಸಿಕ್ಕಿದ್ರಲ್ಲೇ ನಿಲ್ಲಿಸಿ.

ಬೆಟ್ಟಕ್ಕೆ ಫೀಸ್ ಇದೆ, ಅದನ್ನ ಬಜೆಟ್ಟಲ್ಲಿ ಮೊದಲೇ ಹಾಕ್ಕೊಳ್ಳಿ. ಕುದುರೆಮುಖದಲ್ಲಿ ಅರಣ್ಯ ಇಲಾಖೆಗೆ ಕಟ್ತೀವಲ್ಲ, ಅಲ್ಲಿ ಜಾಗ ಕುರಿ ಸಾಕೋ ರೈತರದ್ದು, ದುಡ್ಡು ಹೋಗೋದು ಅವರಿಗೆ. ವಾಗರ್‌ನ ಟ್ರೆಲಾನಿಪಾಗೆ ತಲಾ 200 ಕ್ರೋನ (ಅಲ್ಲಿನ ದುಡ್ಡು) ಆಯ್ತು, ಕೆರೆ ಸಮುದ್ರದ ಮೇಲೆ ತೇಲ್ತಿರೋ ಹಂಗೆ ಫೋಟೋ ಬರತ್ತಲ್ಲ, ಅದೇ ಜಾಗ. ಕಲ್ಸೊಯ್ ದ್ವೀಪದ ಕಲ್ಲುರ್ ಲೈಟ್‌ಹೌಸಿಗೂ ಅಷ್ಟೇ. ತೋಟದ ಬದಿ ದಾರಿ ಮಾಡ್ಕೊಂಡು ನುಗ್ಗೋ ಟೂರಿಸ್ಟರನ್ನ ದಿನಾ ನೋಡೋ ನನಗೆ ಈ ಫೀಸು ಜಾಸ್ತಿ ಅಂತ ಅನ್ಸಲೇ ಇಲ್ಲ, ಭಾವನಿಗೆ ಮಾತ್ರ ಈಗಲೂ ಹೊಟ್ಟೆ ಉರಿ.

ಕಲ್ಸೊಯ್‌ಗೆ ಸುರಂಗ ಇಲ್ಲ, ಕ್ಲಾಕ್ಸ್‌ವಿಕ್‌ನಿಂದ ಫೆರ್ರಿ, ಇಪ್ಪತ್ತು ನಿಮಿಷ. ಅದರಲ್ಲಿ ಹಿಡಿಯೋದೇ ಕೆಲವೇ ಕಾರು, ನಾವು ಹೋದಾಗ ಕಾರಿಗೆ ಬುಕಿಂಗ್ ಇರ್ಲಿಲ್ಲ, ಸಾಲಲ್ಲಿ ಮೊದಲು ಬಂದವರಿಗೆ ಮೊದಲು. ಕಾರು ಈಚೆ ದಡದಲ್ಲೇ ಬಿಟ್ಟು ಫೆರ್ರಿ ಹತ್ತಿ, ಆಚೆ ಲೈಟ್‌ಹೌಸಿಗೆ ನಡೆಯಕ್ಕೆ ಶುರು ಮಾಡೋ ಟ್ರೊಲ್ಲಾನೆಸ್ ಊರಿಗೆ ಬಸ್ಸಲ್ಲಿ ಹೋಗೋದೂ ಆಗತ್ತೆ, ಟೈಮಿಂಗ್ ನೋಡ್ಕೊಳ್ಳಿ.

ಊಟಕ್ಕೆ ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ ಹೊತ್ಕೊಂಡು ಹೋಗಿದ್ವಿ. ತುಪ್ಪ ಬಿಟ್ವಿ, ಕೋಪನ್‌ಹೇಗನ್ ಮೂಲಕ ಹೋಗೋದ್ರಿಂದ ಹಾಲಿನ ಪದಾರ್ಥ ಒಯ್ಯೋಂಗಿಲ್ಲ. ಭಾನುವಾರ ಅಂಗಡಿ ಹೆಚ್ಚಿನವು ಮುಚ್ಚಿರತ್ವೆ, ತರಕಾರಿ ಶನಿವಾರವೇ ತಂದಿಟ್ಕೊಳ್ಳಿ.

ಪಫಿನ್ ಹಕ್ಕಿ ನೋಡಕ್ಕೆ ಮಿಕಿನೆಸ್ ದ್ವೀಪಕ್ಕೆ ಹೋಗೋರು ಬೋಟನ್ನ ಟ್ರಿಪ್ಪಿನ ಶುರುವಲ್ಲೇ ಇಟ್ಕೊಳ್ಳಿ, ಅಲೆ ಜಾಸ್ತಿಯಾಗಿ ಕ್ಯಾನ್ಸಲ್ ಆದ್ರೆ ಇನ್ನೊಂದು ದಿನ ಕೈಯಲ್ಲಿರತ್ತೆ. ವಾಪಸ್ ಫ್ಲೈಟಿನ ಹಿಂದಿನ ದಿನಕ್ಕಂತೂ ಬೇಡವೇ ಬೇಡ, ಹೋದವರು ಸಂಜೆ ಬೋಟ್ ಬರದೆ ಆ ದ್ವೀಪದಲ್ಲೇ ಉಳ್ಕೋಬೇಕಾಗೋದೂ ಉಂಟು.