ಒತ್ತಿದರೆ ಕೆಂಪು ಮಾಯ: ಗೆಣ್ಣಿನ ಡಾಪ್ಲರ್, ನನ್ನ ಅನುಭವ

"ಹಳೇ ಅಲ್ಟ್ರಾಸೌಂಡ್ ಮೆಷಿನ್ ಇಟ್ಕೊಂಡು ಗೆಣ್ಣಿನೊಳಗಿನ ರಕ್ತನಾಳ ನೋಡ್ತೀರಾ? ಅದೆಲ್ಲ ಬೆಂಗಳೂರಲ್ಲಿ ಆಗೋ ಕೆಲಸ." ಹೀಗಂದವರು ಒಬ್ಬಿಬ್ಬರಲ್ಲ. ಅವರಲ್ಲೇ ಮೂವರು ಈಗ ತಿಂಗಳಿಗೆ 10-12 ರುಮಟಾಯ್ಡ್ (ಗೆಣ್ಣಿಗೆ ಬಾವು ಬರುವ ಸಂಧಿವಾತ) ಪೇಷೆಂಟ್‌ಗಳನ್ನು ದಾವಣಗೆರೆಯ ನನ್ನ ಸೆಂಟರ್‌ಗೆ ಕಳಿಸುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೆಷಿನ್ ಸೆಕೆಂಡ್ ಹ್ಯಾಂಡ್. ಸುಮಾರು ಆರೂವರೆ ಲಕ್ಷ ಬಿತ್ತು. ಚರ್ಮದ ಮೇಲಿಟ್ಟು ನೋಡುವ ಸಣ್ಣ ಲೀನಿಯರ್ ಪ್ರೋಬ್‌ಗೆ ಮತ್ತೆ 2 ಲಕ್ಷ ಚಿಲ್ಲರೆ. ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ನೋಂದಣಿ ಮುಗಿಯುವವರೆಗೆ ಬಟ್ಟೆ ಹೊದಿಸಿ ಇಟ್ಟಿದ್ದೆ, ಬಡ್ಡಿ ಮಾತ್ರ ಓಡುತ್ತಿತ್ತು. ಬರೀ ಹೊಟ್ಟೆ ಸ್ಕ್ಯಾನ್ ಮಾಡಿಕೊಂಡಿದ್ದರೆ ಸಾಲ ಯಾವಾಗಲೋ ತೀರುತ್ತಿತ್ತು.

ಮೊದಲ ಆರು ತಿಂಗಳು ಪರದೆ ಕಪ್ಪೋ ಕಪ್ಪು. ಮಣಿಕಟ್ಟು ಊದಿರುತ್ತದೆ, ಮುಟ್ಟಿದರೆ ಬಿಸಿ, ಗ್ರೇ ಸ್ಕೇಲ್‌ನಲ್ಲಿ (ಮಾಮೂಲಿ ಕಪ್ಪು-ಬಿಳುಪು ಚಿತ್ರ) ಸೈನೋವಿಯಂ, ಅಂದರೆ ಗೆಣ್ಣಿನ ಒಳಪೊರೆ, ದಪ್ಪಗೆ ಕಾಣುತ್ತದೆ. ಹರಿಯುವ ರಕ್ತವನ್ನು ಕೆಂಪಾಗಿ ತೋರಿಸುವ ಪವರ್ ಡಾಪ್ಲರ್ ಹಾಕಿದರೆ ಒಂದು ಚುಕ್ಕೆಯೂ ಇಲ್ಲ! ಸರ್ವಿಸ್‌ನವರನ್ನು ಎರಡು ಸಲ ಕರೆಸಿದೆ, 18 ಸಾವಿರ ಹೋಯಿತು. ಮೆಷಿನ್‌ನಲ್ಲಿ ಏನೂ ತೊಂದರೆ ಇರಲಿಲ್ಲ.

ಆಮೇಲೆ ನಾನೇ ಪರೀಕ್ಷೆಗೆ ಇಳಿದೆ. ಚೈನಾ ಗ್ರಾಸ್ ಕಾಯಿಸಿ ಡಬ್ಬಿಗೆ ಹೊಯ್ದು, ನಡುವೆ ರಕ್ತನಾಳದ ಬದಲು ಡ್ರಿಪ್ ಪೈಪ್ ಹಾಯಿಸಿದೆ. ಸಲೈನ್ ಬಿಟ್ಟರೆ ಏನೂ ಕಾಣಲಿಲ್ಲ. ರಕ್ತಕಣ ಇಲ್ಲದ ನೀರಿಂದ ಸಿಗ್ನಲ್ ಎಲ್ಲಿಂದ ಬರಬೇಕು, ಅಲ್ವಾ? ಕಾರ್ನ್‌ಫ್ಲೋರ್ ಕದಡಿದ ನೀರು ಬಿಟ್ಟೆ, ಪರದೆಯಲ್ಲಿ ಪೈಪ್ ಕೆಂಪಾಗಿ ಉರಿಯಿತು. ಹನಿ ನಿಧಾನ ಮಾಡುತ್ತಾ ಹೋದೆ, ಪಿಆರ್‌ಎಫ್ (ಸೆಕೆಂಡಿಗೆ ಎಷ್ಟು ಶಬ್ದದ ಮಿಡಿತ ಕಳಿಸಬೇಕು ಅನ್ನೋ ಸೆಟ್ಟಿಂಗ್) ಇಳಿಸುತ್ತಾ ಹೋದೆ. 600-700 ಹರ್ಟ್ಜ್ ಹತ್ತಿರ ಬಂದಾಗ ನಿಧಾನದ ಹರಿವೂ ಸಿಕ್ಕಿತು. ನಿಧಾನದ ಚಲನೆಯನ್ನು ಸೋಸಿ ಹಾಕುವ ವಾಲ್ ಫಿಲ್ಟರ್ ತಳಕ್ಕೆ. ಗೇನ್ (ಸಿಗ್ನಲ್ ಹಿಗ್ಗಿಸುವ ಗುಂಡಿ) ಮಾತ್ರ ಕಚ ಕಚ ಚುಕ್ಕೆ ಬರುವವರೆಗೆ ಏರಿಸಿ, ಮೂಳೆಯ ಕೆಳಗೆ ಸ್ವಚ್ಛ ಆಗುವವರೆಗೆ ಇಳಿಸಬೇಕು. ನನ್ನ ಪೂರ್ತಿ ಪ್ರಿಸೆಟ್ ಇಲ್ಲಿ ಕೊಡುವುದಿಲ್ಲ, ಅದಕ್ಕೆ ಎರಡು ವರ್ಷ ಹಿಡಿದಿದೆ.

ಡಬ್ಬಿಯಲ್ಲಿ ಬಂದಿದ್ದು ಕೈಯಲ್ಲಿ ಬರಲಿಲ್ಲ. ಒಂದು ದಿನ ಸೋತು ಪ್ರೋಬ್ ಎತ್ತುತ್ತಿದ್ದೆ. ಜೆಲ್ ಇನ್ನೂ ಅಂಟಿಕೊಂಡಿತ್ತು. ಪರದೆಯಲ್ಲಿ ಕೆಂಪು ಮೂಡಿತು. ಕೈ ಅಲುಗಿ ಬಂದ ಸುಳ್ಳು ಕೆಂಪು (ಫ್ಲ್ಯಾಶ್) ಇರಬೇಕು ಅಂದುಕೊಂಡೆ. ಕೈ ಗಟ್ಟಿ ಹಿಡಿದು ನೋಡಿದೆ, ಹೋಗಲಿಲ್ಲ, ನಾಡಿ ಜೊತೆ ಮಿಣುಕುತ್ತಿತ್ತು. ಮತ್ತೆ ಒತ್ತಿದೆ, ಮಾಯ. ಇಷ್ಟು ದಿನ ನನ್ನ ಕೈಯೇ ಆ ನಾಳಗಳನ್ನು ಮುಚ್ಚುತ್ತಿತ್ತು! ಬಾವಿನಲ್ಲಿ ಹೊಸದಾಗಿ ಹುಟ್ಟಿದ ನಾಳದ ಗೋಡೆ ತೆಳು, ಸ್ವಲ್ಪ ಭಾರ ಬಿದ್ದರೂ ಅಪ್ಪಚ್ಚಿ.

ಈಗ ಜೆಲ್ ಗುಡ್ಡೆ ಹಾಕುತ್ತೇನೆ. ಪ್ರೋಬ್‌ಗೂ ಚರ್ಮಕ್ಕೂ ನಡುವೆ ಜೆಲ್ ಪದರ ಪರದೆಯಲ್ಲಿ ಕಾಣಲೇಬೇಕು. ಬೆರಳು ಮಡಚಬಾರದು, ಮಡಿಸಿದ ಟವೆಲ್ ಮೇಲೆ ಸಡಿಲವಾಗಿ ಬಿದ್ದಿರಬೇಕು. ಎಸಿ ಬಂದ್. ಡಿಸೆಂಬರ್‌ನಲ್ಲಿ ಜಗಳೂರಿಂದ ಬೆಳಗಿನ ಬಸ್ಸಿಗೆ ಬಂದವರ ಕೈ ಮಂಜುಗಡ್ಡೆ ಥರ ಇರುತ್ತದೆ, 20 ನಿಮಿಷ ಕೂರಿಸುತ್ತೇನೆ. ನೋವಿನ ಗುಳಿಗೆ ನುಂಗಿ ಬಂದರಾ ಅಂತಲೂ ಕೇಳಿ, ಅದರಿಂದಲೂ ಕೆಂಪು ಕಮ್ಮಿ ಆಗಬಹುದು.

ನಡುವೆ ಫೋನಿಗೆ ಸಿಕ್ಕಿಸುವ ಥರ್ಮಲ್ ಕ್ಯಾಮೆರಾಕ್ಕೂ 20 ಸಾವಿರದ ಮೇಲೆ ಸುರಿದೆ. ಬಿಸಿಲಲ್ಲಿ ನಡೆದು ಬಂದವರ ಕೈಯೆಲ್ಲ ಒಂದೇ ಬಣ್ಣ. ತಗೋಬೇಡಿ.

ನನಗೆ ನಂಬಿಕೆ ಗಟ್ಟಿಯಾಗಿದ್ದು ಚನ್ನಗಿರಿ ಕಡೆಯ ಒಬ್ಬ ಅಡಿಕೆ ಸುಲಿಯುವ ಹೆಂಗಸಿನಿಂದ. ನೋವಿಲ್ಲ, ಬಾವು ತೋರಿಸುವ ರಕ್ತಪರೀಕ್ಷೆ ಇಎಸ್‌ಆರ್ 14-15, ಅಂದರೆ ಮಾಮೂಲಿ. ರುಮಟಾಯ್ಡ್ ಹತೋಟಿಯ ಗುಳಿಗೆ ಮೆಥೊಟ್ರೆಕ್ಸೇಟ್ ಇಳಿಸೋಣ ಅಂತ ಅವರ ಡಾಕ್ಟರ್ ಯೋಚನೆ. ಬಲಗೈ ತೋರುಬೆರಳಿನ ಗೆಣ್ಣಿಗೆ ಪ್ರೋಬ್ ತೇಲಿಸಿದೆ. ಸೈನೋವಿಯಂನ ಅರ್ಧದ ಹತ್ತಿರ ಕೆಂಪು, ಮೂರರವರೆಗಿನ ಅಳತೆಯಲ್ಲಿ ಗ್ರೇಡ್ 2. ಆಕೆ ಪರದೆ ನೋಡಿ, "ಚೊಗರು ಚೆಲ್ಲಿದಂಗೈತಲ್ರೀ ಡಾಕ್ಟ್ರೇ" ಅಂದರು. ಚೊಗರು ಅಂದರೆ ಅಡಿಕೆ ಬೇಯಿಸಿದ ಕೆಂಪು ರಸ. ಗುಳಿಗೆ ಈಗಲೇ ಇಳಿಸಬೇಡಿ ಅಂತ ರಿಪೋರ್ಟ್ ಜೊತೆ ಆ ಡಾಕ್ಟರ್‌ಗೆ ಫೋನ್ ಕೂಡ ಮಾಡಿದೆ. "ರಿಪೋರ್ಟ್‌ಗಲ್ಲ, ಪೇಷೆಂಟ್‌ಗೆ ಔಷಧಿ ಕೊಡೋದು" ಅಂದರು ಅವರು. ಇಳಿಸಿದರು. ನಾಲ್ಕು ತಿಂಗಳಿಗೆ ಅದೇ ಗೆಣ್ಣು ಊದಿತು, ಮೂಳೆ ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದಿತ್ತು. ಅವರೇ ಫೋನ್ ಮಾಡಿ, "ಇನ್ನು ಮುಂದೆ ಇಳಿಸೋಕೆ ಮುಂಚೆ ನಿಮ್ಮ ಹತ್ರ ಕಳಿಸ್ತೀನಿ" ಅಂದರು.

ಡೋಸ್ ಮತ್ತೆ ಏರಿಸಿದರು. ಹೋದ ತಿಂಗಳು ಆಕೆ ಬಂದಿದ್ದರು. ಆ ಗೆಣ್ಣು ಪೂರ್ತಿ ಕಪ್ಪು. ಮಣಿಕಟ್ಟಿನಲ್ಲಿ ಮಾತ್ರ ಇನ್ನೂ ಎರಡು ಚುಕ್ಕೆ ಇವೆ. ಅಡಿಕೆ ಸುಗ್ಗಿ ಮುಗಿದ ಮೇಲೆ ಮತ್ತೆ ಬನ್ನಿ ಅಂದಿದ್ದೇನೆ.