ಐಡ್ಲಿಂಗ್‌ನಲ್ಲಿ ನಡುಗುತ್ತಿದ್ದ ಎಂಜಿನ್: ಪಿ0171 ಕೋಡ್ ಹೋಗಲಾಡಿಸಿದ ಬಗೆ

ಕಾರು ನಿಂತಲ್ಲಿ ಎಂಜಿನ್ ನಡುಗುತ್ತಿತ್ತು, ವೇಗ ಹಿಡಿದರೆ ಸರಿಯಾಗುತ್ತಿತ್ತು. ಕಾರಿನ ದೋಷಗಳನ್ನು ಓದುವ ಸ್ಕ್ಯಾನರ್ ಪಿ0171 ಎಂಬ ದೋಷದ ಕೋಡನ್ನು, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲುತ್ತಿಲ್ಲ ಎಂಬುದನ್ನು, ತೋರಿಸುತ್ತಿತ್ತು. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಕೊನೆಗೆ ಆಕ್ಸಿಜನ್ ಸೆನ್ಸರ್ ಬದಲಿಸಿದರೂ, ಅಳಿಸಿದ ಕೋಡ್ ಮತ್ತೆ ಬರುತ್ತಿತ್ತು. ಕಾರ್ಬ್ಯುರೇಟರ್ ಕಾಲದಲ್ಲಾದರೆ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಎಂಜಿನ್ನಿನ ಸದ್ದು ಕೇಳಿಯೇ ಹದ ಮಾಡಬಹುದಿತ್ತು. ಈಗ ಆ ಕೆಲಸ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುವಿನದು, ಆದರೆ ಪೆಟ್ರೋಲನ್ನು ತಾನು ಎಷ್ಟು ತಿದ್ದುತ್ತಿದ್ದೇನೆಂಬುದನ್ನು ಅದು ಫ್ಯೂಯೆಲ್ ಟ್ರಿಮ್ ಎಂಬ ಅಂಕಿಯಲ್ಲಿ ಹೇಳುತ್ತದೆ (+ ಎಂದರೆ ಹೆಚ್ಚಿಸುತ್ತಿದೆ). ಕೋಡ್‌ಗಿಂತ ಈ ಅಂಕಿಯೇ ಮುಖ್ಯ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಎಸಿ ಆರಿಸಿ, ಶಾರ್ಟ್ ಟರ್ಮ್ (ಆ ಕ್ಷಣದ) ಮತ್ತು ಲಾಂಗ್ ಟರ್ಮ್ (ಕಲಿತು ಉಳಿಸಿಕೊಂಡ) ಟ್ರಿಮ್‌ಗಳನ್ನು ಕೂಡಿಸಿ ನೋಡಿದೆ: ಐಡ್ಲಿಂಗ್‌ನಲ್ಲಿ +24%, 2500 ಆರ್‌ಪಿಎಂನಲ್ಲಿ +5%. ಪೆಟ್ರೋಲ್ ಪಂಪ್ ದುರ್ಬಲವಾಗಿದ್ದರೆ ಆರ್‌ಪಿಎಂ ಹೆಚ್ಚಿದಾಗ ಅಂಕಿ ಏರಬೇಕಿತ್ತು. ಇಳಿದದ್ದರಿಂದ, ಗಾಳಿಯ ಪ್ರಮಾಣ ನಿಯಂತ್ರಿಸುವ ಥ್ರಾಟಲ್ ಕವಾಟ ದಾಟಿದ ಮೇಲೆ ಎಲ್ಲೋ ಗಾಳಿ ಒಳಸೇರುತ್ತಿದೆ ಎಂದಾಯಿತು. ಬಳಿಕ ಐಡ್ಲಿಂಗ್‌ನಲ್ಲೇ ಬಿಟ್ಟು, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೇರುವ ರಬ್ಬರ್ ಹೋಸ್‌ಗಳನ್ನು ಒಂದೊಂದಾಗಿ, ಬಟ್ಟೆ ಸುತ್ತಿದ ಇಕ್ಕಳದಿಂದ, ಮ್ಯಾನಿಫೋಲ್ಡಿಗೆ ತೀರ ಹತ್ತಿರದಲ್ಲಿ ಒತ್ತಿ ಹಿಡಿದೆ. ದೂರದಲ್ಲಿ ಒತ್ತಿದರೆ ಸೀಳು ಒತ್ತಿದ ಜಾಗಕ್ಕೂ ಮ್ಯಾನಿಫೋಲ್ಡಿಗೂ ನಡುವೆ ಉಳಿದು ಪರೀಕ್ಷೆ ಸುಳ್ಳಾಗುತ್ತದೆ. ಬ್ರೇಕ್ ಬೂಸ್ಟರ್ ಹೋಸ್ ಒತ್ತಿದಾಗ ಏನೂ ಬದಲಾಗಲಿಲ್ಲ. ಎಂಜಿನ್ನಿನೊಳಗಿನ ಎಣ್ಣೆಯ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಪಿಸಿವಿ ಹೋಸ್ ಒತ್ತಿದೊಡನೆ ಶಾರ್ಟ್ ಟರ್ಮ್ ಟ್ರಿಮ್ ಕುಸಿದು ನಡುಕ ನಿಂತಿತು.

ಆ ಹೋಸನ್ನು ಬಿಚ್ಚಿ ಬಾಗಿಸಿದಾಗ, ತಿರುವಿನ ಅಡಿಭಾಗದಲ್ಲಿ, ಮೇಲಿಂದ ಕಾಣದಿದ್ದ ಉದ್ದನೆಯ ಸೀಳು ಬಾಯಿ ತೆರೆಯಿತು. ಅದೇ ಒಳವ್ಯಾಸದ, ಎಣ್ಣೆ ತಾಳುವ ಹೋಸನ್ನೇ ಹಾಕಬೇಕು. ಸಾಮಾನ್ಯ ರಬ್ಬರ್ ಎಣ್ಣೆಯ ಆವಿಗೆ ಮೆತ್ತಗಾಗಿ ಒಳಕ್ಕೆ ಕುಗ್ಗುತ್ತದೆ. ಕೋಡ್ ಅಳಿಸಿ ಓಡಿಸಿದ ಮೇಲೆ ಟ್ರಿಮ್‌ಗಳ ಮೊತ್ತ ±5% ಒಳಗೇ ಉಳಿದಿದೆ.