ಮುದ್ದೇನಹಳ್ಳಿಯಿಂದ ವಿದುರಾಶ್ವತ್ಥಕ್ಕೆ: ನಮ್ಮೂರ ಮ್ಯೂಸಿಯಂ ನೋಡುವುದು ಹೇಗೆ?

ಮ್ಯೂಸಿಯಂ ಅಂದರೆ ಬೆಂಗಳೂರು, ಮೈಸೂರಿಗೇ ಹೋಗಬೇಕೆಂದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಒಂದು ದಿನಕ್ಕೆ ಸಾಕಾಗುವಷ್ಟಿದೆ. ಸುಮ್ನೆ ಸುತ್ತಿದರೆ ಎಲ್ಲ ಕಲಸುಮೇಲೋಗರ. ಒಂದು ಎಳೆ ಹಿಡಿದು ಹೋಗಿ. ಇಲ್ಲಿ ಆ ಎಳೆ ನೀರು.

ಮೊದಲು ಫೋನ್ ಮಾಡಿ

ಸಣ್ಣ ಮ್ಯೂಸಿಯಂಗಳು ಊಟದ ಹೊತ್ತಿಗೆ ಬಾಗಿಲು ಹಾಕುವುದುಂಟು. ವಾರದ ರಜೆಯನ್ನೂ ಕೇಳಿಕೊಳ್ಳಿ. ಸೆಪ್ಟೆಂಬರ್ 15 ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ದಿನ, ಎಂಜಿನಿಯರ್‌ಗಳ ದಿನ. ಅವತ್ತು ಬೇಡ, ಹಾರ ಹಾಕುವವರ ನಡುವೆ ನೋಡುವುದು ಕಷ್ಟ.

ಬೆಳಿಗ್ಗೆ ಮುದ್ದೇನಹಳ್ಳಿ

ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಮನೆ ಈಗ ಮ್ಯೂಸಿಯಂ. ಬಿರುದು, ಪ್ರಶಸ್ತಿಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ. ನೀವು ಅವರ ಕನ್ನಡಕ, ಪೆನ್ನು, ವಿಸಿಟಿಂಗ್ ಕಾರ್ಡ್ ಅಚ್ಚು ಹಾಕುತ್ತಿದ್ದ ಬ್ಲಾಕ್ ಹುಡುಕಿ. ಆಮೇಲೆ ಕೆಆರ್‌ಎಸ್ ಅಣೆಕಟ್ಟಿನ ಮಾದರಿಯ ಹತ್ತಿರ ಬನ್ನಿ. ಅವಸರ ಬೇಡ. ನೀರು ಯಾವ ಕಡೆ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಅಂತ ಮಕ್ಕಳನ್ನೇ ಕೇಳಿ. ನೀರು ಒಂದು ಮಟ್ಟ ಮುಟ್ಟಿದ ಕೂಡಲೇ ತಾವಾಗಿ ತೆರೆದುಕೊಳ್ಳುವ ಗೇಟುಗಳನ್ನು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಹಾಕಿಸಿದವರು ಇವರೇ. ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲದ ಸೀಮೆಯವರು ನೀರಿನ ಲೆಕ್ಕದಲ್ಲೇ ಹೆಸರು ಮಾಡಿದ್ದು ಸೋಜಿಗ ಅಲ್ವಾ?

ನಂದಿ ಗ್ರಾಮದಲ್ಲಿ ಕೆಳಗೇ ಉಳಿಯಿರಿ

ಬೆಟ್ಟ ಇನ್ನೊಂದು ದಿನಕ್ಕಿರಲಿ. ಭೋಗನಂದೀಶ್ವರ ದೇವಸ್ಥಾನದ ಮೂಲ 9ನೇ ಶತಮಾನದ್ದು. ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಸೇರಿಸುತ್ತಾ ಬಂದರು. ಕಲ್ಯಾಣ ಮಂಟಪದ ಕೆತ್ತನೆಯಲ್ಲಿ ಹಕ್ಕಿಗಳನ್ನು ಹುಡುಕಿ. ಅಲ್ಲಿಂದ ಶೃಂಗಿತೀರ್ಥ ಎನ್ನುವ ಕಲ್ಯಾಣಿಗೆ ಹೋಗಿ. ದಕ್ಷಿಣ ಪಿನಾಕಿನಿಯ ಮೂಲ ಇದೇ ಎಂಬ ನಂಬಿಕೆ ಇದೆ. ಮೆಟ್ಟಿಲ ಮೇಲೆ ಕೂತು ಬೆಟ್ಟದ ಕಡೆ ನೋಡಿ. ಅಷ್ಟು ದೊಡ್ಡ ಬಂಡೆಯ ಮೇಲೆ ಬಿದ್ದ ಮಳೆ ಜಾರಿ ಕೆಳಗೆ ಬರಲೇಬೇಕು. ಅರ್ಕಾವತಿಯೂ ಇದೇ ಬೆಟ್ಟಸಾಲಿನಲ್ಲಿ ಹುಟ್ಟುತ್ತದೆ.

ಮಧ್ಯಾಹ್ನ ವಿದುರಾಶ್ವತ್ಥ

ಗೌರಿಬಿದನೂರು ತಾಲ್ಲೂಕಿನ ಈ ಊರು ಉತ್ತರ ಪಿನಾಕಿನಿಯ ದಡದಲ್ಲಿದೆ. ಹೊಳೆಯಲ್ಲಿ ಮರಳೇ ಜಾಸ್ತಿ ಕಂಡರೆ ಬೇಸರ ಬೇಡ. ನಾಗರಕಲ್ಲುಗಳನ್ನು ನೋಡಿ ನೇರ ವೀರಸೌಧಕ್ಕೆ ಹೋಗಿ, ಅಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳಿವೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಇದು. ಸತ್ತವರ ಸಂಖ್ಯೆ ಸರ್ಕಾರದ ದಾಖಲೆಯಲ್ಲಿ ಒಂದು, ಜನರ ಬಾಯಲ್ಲಿ ಇನ್ನೊಂದು. ಹಾಗಾಗಿ ಫಲಕಗಳನ್ನು ಪೂರ್ತಿ ಓದಿ, ಊರಿನ ಹಿರಿಯರು ಸಿಕ್ಕರೆ ಮಾತಾಡಿಸಿ.

ಬೆಂಗಳೂರಿಗೆ ವಾಪಸಾಗುವವರಿಗೆ ಗೌರಿಬಿದನೂರಿನಿಂದ ರೈಲಿದೆ. ವೇಳೆ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.